ಜರ್ಮನ್ ಹಳ್ಳಿಯ ಜಾತಕ ಬಿಡಿಸುವ ಜಾಲತಾಣಗಳು: ಯಾವುದು ಕೊಡುತ್ತದೆ, ಯಾವುದು ಕೈಕೊಡುತ್ತದೆ

ಮುನ್ನೂರೋ ನಾನೂರೋ ಜನರಿರುವ ಜರ್ಮನ್ ಹಳ್ಳಿಯೊಂದರ ಹಿಂದುಮುಂದು ತಿಳಿಯಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಹಣ ಕೇಳುವ ತಾಣಕ್ಕೇ ಹೋಗುತ್ತಾರೆ. ಪಾಸು ಕೊಳ್ಳುತ್ತಾರೆ, ಹಳ್ಳಿಯ ಹೆಸರು ಹೊಡೆಯುತ್ತಾರೆ, ಏನೂ ಬರುವುದಿಲ್ಲ. ಪಾಸಿನ ದಿನಗಳು ಮಾತ್ರ ಕರಗುತ್ತಿರುತ್ತವೆ. ಜರ್ಮನಿಯಲ್ಲಿ ಹಳ್ಳಿಯ ಕಾಗದಗಳು ಹಳ್ಳಿಯ ಹೆಸರಿನಲ್ಲೇ ಇರುವುದು ಕಡಿಮೆ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಪಕ್ಕದೂರಿನ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ವಲಯದ ಹೆಸರಿನಲ್ಲಿ. ತೆರಿಗೆ ಇನ್ನೊಂದು ಕಚೇರಿಯಲ್ಲಿ. ಗಡಿ ಜಗಳ ಮತ್ತೊಂದು ಪಟ್ಟಣದ ನ್ಯಾಯಾಲಯದಲ್ಲಿ. ಹಾಗಾಗಿ ಈ ತಾಣಗಳನ್ನು ಬಳಸುವ ಸರದಿ ತಪ್ಪಿದರೆ ಒಳ್ಳೆಯ ತಾಣವೂ ಕೆಟ್ಟದ್ದಾಗಿ ಕಾಣುತ್ತದೆ. ಇಲ್ಲಿ ಅವನ್ನು ಆ ಸರದಿಯಲ್ಲೇ ನೋಡಿದೆ. ಹೆಚ್ಚಿನವು ಪುಕ್ಕಟೆ. ಹಣ ಕಟ್ಟಲೇಬೇಕಾದದ್ದು ಒಂದೇ, ಅದೂ ಬೇರೆ ಕೆಲಸವೆಲ್ಲ ಮುಗಿದ ಮೇಲೆ.

ಶುರು ಮಾಡಬೇಕಾದದ್ದು ಮೇಯರ್ಸ್ ಗೆಜೆಟಿಯರ್ ತಾಣದಿಂದ. 1912ರ ಹೊತ್ತಿಗೆ ಎರಡು ಸಂಪುಟಗಳಲ್ಲಿ ಅಚ್ಚಾದ ಜರ್ಮನ್ ಸಾಮ್ರಾಜ್ಯದ ಸ್ಥಳಕೋಶವನ್ನು ಸ್ಕ್ಯಾನ್ ಮಾಡಿ, ಹೆಸರು ಹಾಕಿ ಹುಡುಕುವಂತೆ ಮಾಡಿದ್ದಾರೆ. ಎರಡು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಹಳ್ಳಿಗಳ ಜೊತೆ ಒಂಟಿ ಗಿರಣಿ, ಒಂಟಿ ಕಾಡುಮನೆಗಳಿಗೂ ಒಂದೊಂದು ಸಾಲು ಸಿಕ್ಕಿದೆ. ಎಲ್ಲವೂ ಫ್ರಾಕ್ಟೂರ್ ಎಂಬ ಹಳೆಯ ಜರ್ಮನ್ ಅಚ್ಚಕ್ಷರದಲ್ಲಿ, ಅದೂ ಸಂಕ್ಷೇಪಗಳ ಗುಡ್ಡೆ. ಆದರೆ ಆ ನಾಲ್ಕೈದು ಸಾಲಿನಲ್ಲಿ ಹಳ್ಳಿ ಯಾವ ಜಿಲ್ಲೆಯದು, ಯಾವ ಆಮ್ಟ್ಸ್‌ಗೆರಿಷ್ಟ್, ಅಂದರೆ ಸ್ಥಳೀಯ ನ್ಯಾಯಾಲಯದ ವ್ಯಾಪ್ತಿಗೆ ಸೇರಿತ್ತು, ಎಷ್ಟು ಜನರಿದ್ದರು, ಅಂಚೆ ಎಲ್ಲಿ, ರೈಲು ಎಲ್ಲಿ, ಚರ್ಚು ಇತ್ತೋ ಇಲ್ಲವೋ ಎಲ್ಲ ಇರುತ್ತದೆ. ಸಿನಗಾಗ್, ಅಂದರೆ ಯಹೂದಿ ಪ್ರಾರ್ಥನಾ ಮಂದಿರ ಇದ್ದರೆ ಅದೂ. ಇವುಗಳಲ್ಲಿ ಬಹಳ ಮುಖ್ಯವಾದದ್ದು ಸ್ಟಾಂಡೆಸಾಮ್ಟ್, ಅಂದರೆ ಜನನ ಮರಣ ವಿವಾಹ ನೋಂದಣಿ ಕಚೇರಿ. ಅದರ ಸಂಕ್ಷೇಪದ ಮುಂದೆ ಊರಿನ ಹೆಸರಿಲ್ಲದಿದ್ದರೆ ಕಚೇರಿ ಅದೇ ಹಳ್ಳಿಯಲ್ಲಿತ್ತು ಎಂದರ್ಥ. ಹೆಸರಿದ್ದರೆ ದಾಖಲೆ ಆ ಊರಿನದ್ದರಲ್ಲಿ ಹುಡುಕಬೇಕು.

ಈ ನೋಂದಣಿ ಪ್ರಷ್ಯಾದಲ್ಲಿ 1874ರ ಅಕ್ಟೋಬರ್ 1ರಿಂದ, ಇಡೀ ಸಾಮ್ರಾಜ್ಯದಲ್ಲಿ 1876ರ ಜನವರಿ 1ರಿಂದ ನಡೆದಿದೆ. ರೈನ್ ನದಿಯ ಎಡದಂಡೆಯಲ್ಲಿ ಮಾತ್ರ ಫ್ರೆಂಚರ ಆಳ್ವಿಕೆಯ ಕಾರಣ 1798ರಿಂದಲೇ ಇದೆ. ಈಗಿನ ಕಾನೂನಿನಂತೆ ಜನನ ದಾಖಲೆ 110, ಮದುವೆ 80, ಮರಣ 30 ವರ್ಷ ಕಳೆದ ಮೇಲೆ ಸಾರ್ವಜನಿಕ ದಾಖಲೆಗಾರಕ್ಕೆ, ಅಂದರೆ ಆರ್ಕೈವ್‌ಗೆ ಹೋಗುತ್ತದೆ. ಅದಕ್ಕೆ ಮುಂಚೆ ವಂಶಸ್ಥರಲ್ಲದವರು ಕೇಳಿ ಪ್ರಯೋಜನವಿಲ್ಲ.

ಮೇಯರ್ಸ್ ತಾಣದಲ್ಲಿ ಸುತ್ತಲಿನ ಪ್ಯಾರಿಷ್‌ಗಳನ್ನು ದೂರದ ಲೆಕ್ಕದಲ್ಲಿ ಪಟ್ಟಿ ಮಾಡುವ ವಿಭಾಗವೊಂದಿದೆ. ಉಪಯುಕ್ತ, ಆದರೆ ದಾರಿ ತಪ್ಪಿಸುವುದೂ ಇದೇ. ದೂರವನ್ನು ನೇರ ಗೆರೆಯಲ್ಲಿ ಅಳೆದಿದ್ದಾರೆ; ನಡುವೆ ಬೆಟ್ಟವಿದೆಯೋ ಹೊಳೆಯಿದೆಯೋ ಅದಕ್ಕೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತೊಡಕು ಧರ್ಮದ್ದು. 1555ರ ಔಗ್ಸ್‌ಬುರ್ಗ್ ಒಪ್ಪಂದದ ನಂತರ ಅರಸನ ಪಂಥವೇ ಪ್ರಜೆಗಳ ಪಂಥ. ಹಾಗಾಗಿ ಎರಡೇ ಕಿಲೋಮೀಟರ್ ದೂರದ ಎರಡು ಹಳ್ಳಿಗಳಲ್ಲಿ ಒಂದು ಕ್ಯಾಥೊಲಿಕ್, ಒಂದು ಪ್ರಾಟೆಸ್ಟೆಂಟ್ ಆಗಿರಬಹುದು. ಪಟ್ಟಿಯಲ್ಲಿ ಮೊದಲು ಬಂದ ಪ್ಯಾರಿಷ್ ಹತ್ತಿರದ್ದು ನಿಜ, ನಿಮ್ಮ ಹಳ್ಳಿಯದ್ದೇ ಆಗಿರಬೇಕೆಂದಿಲ್ಲ. ಹೆಸರಿನ ವಿಚಾರದಲ್ಲೂ ಎಚ್ಚರ ಬೇಕು. ನೋಯ್‌ಡೋರ್ಫ್‌ನಂಥ ಹೆಸರುಗಳು ಡಜನುಗಟ್ಟಲೆ ಇವೆ. ಜಿಲ್ಲೆ ಖಾತ್ರಿಯಾಗುವ ತನಕ ಮುಂದಕ್ಕೆ ಹೋಗಬೇಡಿ. ಹಳೆಯ ಕಾಗದದಲ್ಲಿ ಹೆಸರಿನ ಅರ್ಧ ಮಾತ್ರ ಓದಲಾದರೆ ನಕ್ಷತ್ರ ಚಿಹ್ನೆ ಹಾಕಿ ಉಳಿದರ್ಧ ಹುಡುಕುವ ಸೌಲಭ್ಯವಿದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಮೇಯರ್ಸ್ ಹೇಳುವುದು 1912ರ ಸ್ಥಿತಿ ಮಾತ್ರ. ಅದಕ್ಕೆ ಹಿಂದೆ, ಮುಂದೆ ಏನಾಯಿತು ಎನ್ನುವುದಕ್ಕೆ ಗೋವ್ ಎಂಬ ಸ್ಥಳಕೋಶವಿದೆ. 1989ರಲ್ಲಿ ಹುಟ್ಟಿದ ಕಂಪ್ಯೂಟರ್ ವಂಶಾವಳಿ ಸಂಘ, ಕಾಂಪ್‌ಗೆನ್, ಇದನ್ನು ಸ್ವಯಂಸೇವಕರಿಂದ ನಡೆಸುತ್ತಿದೆ. ನೋಡಲು ಅಂದವಿಲ್ಲ, ಪರದೆ ತುಂಬ ಗೆರೆ, ಡಬ್ಬಿ, ಸಂಕೇತ. ಆದರೆ ಹಳ್ಳಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾರ ಕೆಳಗಿತ್ತು ಎಂಬುದನ್ನು ಇಷ್ಟು ಕರಾರುವಾಕ್ಕಾಗಿ ತೋರಿಸುವ ತಾಣ ಇನ್ನೊಂದಿಲ್ಲ. ಇದು ಯಾಕೆ ಬೇಕೆಂದರೆ, 1960ರ ದಶಕದ ಕೊನೆಯಿಂದ 1978ರ ತನಕ ಪಶ್ಚಿಮ ಜರ್ಮನಿಯಲ್ಲಿ ಊರುಗಳನ್ನು ವಿಲೀನಗೊಳಿಸಿ ಸುಮಾರು 24,000 ಸ್ಥಳೀಯ ಆಡಳಿತಗಳನ್ನು 8,500ಕ್ಕೆ ಇಳಿಸಿದರು. ನಿಮ್ಮ ಹಳ್ಳಿ ಆಗ ಯಾವುದೋ ದೊಡ್ಡ ಊರಿನ ಬಡಾವಣೆಯಾಗಿ ಹೋಗಿರುವ ಸಂಭವವೇ ಹೆಚ್ಚು. ಹಾಗಾಗಿ ಅದರ ಕಡತಗಳ ಬೀರುವೂ ಆ ಊರಿಗೆ ಹೋಗಿದೆ. ಪತ್ರ ಬರೆಯುವಾಗ ಹಳೆಯ ಹೆಸರು, ಹೊಸ ಊರಿನ ಹೆಸರು ಎರಡನ್ನೂ ಬರೆಯದಿದ್ದರೆ ಉತ್ತರ ಬರುವುದು ಕಷ್ಟ.

ಹಳ್ಳಿ ಹೆಸ್ಸೆನ್ ರಾಜ್ಯದಲ್ಲಿದ್ದರೆ ಅದೃಷ್ಟವಂತರು ನೀವು. ಮಾರ್‌ಬುರ್ಗ್‌ನಿಂದ ನಡೆಯುವ ಲಾಗಿಸ್ ತಾಣದ ಐತಿಹಾಸಿಕ ಸ್ಥಳಕೋಶಕ್ಕೆ ಸಾಟಿಯಾದದ್ದು ಇಲ್ಲಿ ನೋಡಿದ ಬೇರಾವ ತಾಣದಲ್ಲೂ ಇಲ್ಲ. ಪ್ರತಿ ಹಳ್ಳಿಗೂ ಒಂದೇ ಅಚ್ಚಿನ ಪುಟ: ಮೊದಲ ಉಲ್ಲೇಖದ ವರ್ಷ, ಶತಮಾನದಿಂದ ಶತಮಾನಕ್ಕೆ ಹೆಸರು ಬದಲಾದ ರೂಪಗಳು, ಒಡೆತನ, ನ್ಯಾಯಾಲಯ, ಪ್ಯಾರಿಷ್, ಪ್ರಾಟೆಸ್ಟೆಂಟ್ ಸುಧಾರಣೆ ಯಾವಾಗ ಬಂತು, ಗಿರಣಿ, ಶಾಲೆ, ಜಮೀನಿನ ವಿಸ್ತಾರ, ಜನಸಂಖ್ಯೆ. ಜನಗಣತಿ ಅಂಕಿಗಳಲ್ಲಿ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಲೆಕ್ಕ ಬೇರೆ ಬೇರೆ ಸಿಗುತ್ತದೆ. ದಕ್ಷಿಣ ಮತ್ತು ಮಧ್ಯ ಜರ್ಮನಿಯ ಎಷ್ಟೋ ಸಣ್ಣ ಹಳ್ಳಿಗಳಲ್ಲಿ ದನದ ವ್ಯಾಪಾರ, ಬಟ್ಟೆ ವ್ಯಾಪಾರ ಮಾಡಿಕೊಂಡಿದ್ದ ಯಹೂದಿ ಕುಟುಂಬಗಳಿದ್ದವು. ಅವರ ಸಮಾಧಿ ಕಲ್ಲುಗಳ ವಿವರವೂ ಇದೇ ತಾಣದ ಇನ್ನೊಂದು ಭಾಗದಲ್ಲಿದೆ. ಊರಿನವರೇ ಬರೆದ ಚರಿತ್ರೆಯಲ್ಲಿ ಆ ಕುಟುಂಬಗಳಿಗೆ ಅರ್ಧ ಪುಟ ಸಿಕ್ಕಿದ್ದರೆ ಹೆಚ್ಚು, ಆದ್ದರಿಂದ ಈ ಭಾಗ ತೆರೆಯದೆ ಬಿಡಬೇಡಿ.

ಮೊದಲ ಉಲ್ಲೇಖದ ವರ್ಷದ ಬಗ್ಗೆ ಒಂದು ಮಾತು. ಹಳ್ಳಿಗಳು 1200ನೆಯ, 1250ನೆಯ ವರ್ಷದ ಹಬ್ಬ ಮಾಡಿ ಸ್ಮರಣ ಸಂಚಿಕೆ ತರುತ್ತವೆ. ರೈನ್ ನದಿಯ ಮೇಲ್ದಂಡೆಯ ಪ್ರದೇಶದಲ್ಲಿ ಆ ಲೆಕ್ಕ ಬಹಳ ಸಲ 764ರಲ್ಲಿ ಸ್ಥಾಪನೆಯಾದ ಲೋರ್ಷ್ ಮಠದ ದಾನಪತ್ರದಿಂದ ಬಂದದ್ದು. ಯಾರೋ ಒಬ್ಬ ಇಷ್ಟು ಹೊಲ, ಇಷ್ಟು ದ್ರಾಕ್ಷಿ ತೋಟವನ್ನು ಮಠಕ್ಕೆ ಬಿಟ್ಟ ಎಂದಷ್ಟೇ ಅದರಲ್ಲಿರುವುದು. ಊರು ಆಗಲೇ ಇತ್ತು. ಎಂದು ಹುಟ್ಟಿತೋ ಅದು ಹೇಳುವುದಿಲ್ಲ. ಮೂಲ ಪತ್ರಗಳೂ ಇಲ್ಲ: 12ನೆಯ ಶತಮಾನದಲ್ಲಿ ನಕಲು ಮಾಡಿದ ಕೋಡೆಕ್ಸ್ ಎಂಬ ಕೈಬರಹದ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ಪತ್ರಗಳ ಪ್ರತಿ ಮಾತ್ರ ಇದೆ. ಫುಲ್ಡಾ ಮಠದ ಸುತ್ತಮುತ್ತ ಇನ್ನೂ ಜಾಗ್ರತೆ ಬೇಕು. ಅಲ್ಲಿ 1160ರ ಸುಮಾರಿಗೆ ನಕಲು ಮಾಡಿದ ಎಬರ್‌ಹಾರ್ಡ್ ಎಂಬ ಸನ್ಯಾಸಿ ಮಠಕ್ಕೆ ಅನುಕೂಲವಾಗುವಂತೆ ಪತ್ರಗಳನ್ನು ತಿದ್ದುವುದರಲ್ಲಿ, ಹೊಸದಾಗಿ ಹೊಸೆಯುವುದರಲ್ಲಿ ನಿಪುಣ. ಸ್ಮರಣ ಸಂಚಿಕೆಯ ಮುಖಪುಟದ ವರ್ಷವನ್ನು ಲಾಗಿಸ್ ಪುಟದೊಂದಿಗೆ ತಾಳೆ ನೋಡಿ. ಎರಡೂ ಬೇರೆಯಿದ್ದರೆ ಲಾಗಿಸ್ ಕಡೆ ನಿಲ್ಲುವುದು ಕ್ಷೇಮ.

ಬಾಡೆನ್-ವ್ಯೂರ್ಟೆಂಬೆರ್ಗ್‌ಗೆ ಲಿಯೋ-ಬೆವೆ ತಾಣವಿದೆ. ಪಠ್ಯದ ಮಟ್ಟಿಗೆ ಲಾಗಿಸ್‌ನಷ್ಟು ಅಚ್ಚುಕಟ್ಟಲ್ಲ, ನಕ್ಷೆಯ ಮಟ್ಟಿಗೆ ಅದನ್ನು ಮೀರಿಸುತ್ತದೆ. ವ್ಯೂರ್ಟೆಂಬೆರ್ಗ್ ರಾಜ್ಯದ ಭೂಮಾಪನ 1818ರಿಂದ 1840ರ ವರೆಗೆ ನಡೆಯಿತು. ಭೂತೆರಿಗೆ ಸರಿಯಾಗಿ ಹಾಕಲೆಂದು ಪ್ರತಿ ಹಿಸ್ಸೆಯನ್ನೂ 1:2500 ಪ್ರಮಾಣದಲ್ಲಿ ಬರೆದು ಕಲ್ಲಚ್ಚಿನಲ್ಲಿ 15,572 ಹಾಳೆಗಳನ್ನು ಮುದ್ರಿಸಿದರು. ಆ ಹಾಳೆಯಲ್ಲಿ ಹಳ್ಳಿ ಹೊಕ್ಕರೆ ಮನೆ, ಕೊಟ್ಟಿಗೆ, ಬಾವಿ ಎಲ್ಲ ಕಾಣುತ್ತದೆ. ಹೊರಗೆ ಉದ್ದುದ್ದನೆಯ ಹೊಲದ ಪಟ್ಟಿಗಳು, ಕೆಲವು ಎರಡು ನೇಗಿಲು ಒಟ್ಟಿಗೆ ಹೋಗಲಾರದಷ್ಟು ಸಪೂರ. ಅಪ್ಪನ ಜಮೀನು ಎಲ್ಲ ಮಕ್ಕಳಿಗೂ ಸಮನಾಗಿ ಹಂಚಿಕೆಯಾಗುತ್ತಿದ್ದ ಪ್ರದೇಶದ ಗುರುತು ಇದು. ಒಬ್ಬನೇ ವಾರಸುದಾರ ಇಡೀ ಜಮೀನು ಪಡೆಯುತ್ತಿದ್ದ ಕಡೆ ತುಂಡುಗಳು ದೊಡ್ಡವು, ಮನೆಗಳೂ ದೊಡ್ಡವು, ಹೆಚ್ಚು ದೂರ ದೂರ.

ನಕ್ಷೆಯಲ್ಲಿ ಹೊಲಗಳು ಮೂರು ದೊಡ್ಡ ಗುಂಪುಗಳಾಗಿ ಕಂಡರೆ ಅದು ಮೂರು ಬಯಲಿನ ಬೇಸಾಯ: ಒಂದರಲ್ಲಿ ಚಳಿಗಾಲದ ರೈ ಅಥವಾ ಗೋಧಿ, ಒಂದರಲ್ಲಿ ಬೇಸಿಗೆಯ ಓಟ್ಸ್ ಅಥವಾ ಬಾರ್ಲಿ, ಒಂದು ಬೀಳು. ತನ್ನ ಪಟ್ಟಿಗೆ ದಾರಿಯಿಲ್ಲದ ರೈತ ಪಕ್ಕದವನ ಹೊಲ ದಾಟಿಯೇ ಹೋಗಬೇಕು. ಆದ್ದರಿಂದ ಉಳುವುದು, ಬಿತ್ತುವುದು, ಕೊಯ್ಯುವುದು ಎಲ್ಲರೂ ಒಂದೇ ಹೊತ್ತಿಗೆ ಮಾಡಲೇಬೇಕೆಂಬ ಕಟ್ಟುಪಾಡಿತ್ತು. ಹಳ್ಳಿಯ ಒಗ್ಗಟ್ಟು ಎಂದು ನಾವು ಹೊಗಳುವ ಎಷ್ಟೋ ಸಂಗತಿಗಳ ಬೇರು ಇಂಥ ದಾರಿ ಸಮಸ್ಯೆಯಲ್ಲಿದೆ. ಇಂದಿನ ಉಪಗ್ರಹ ಚಿತ್ರದಲ್ಲಿ ಈ ಪಟ್ಟಿಗಳು ಇಲ್ಲದಿದ್ದರೆ ಗಾಬರಿ ಬೇಡ; 20ನೆಯ ಶತಮಾನದ ಜಮೀನು ಒಗ್ಗೂಡಿಕೆ ಯೋಜನೆ ಅವನ್ನು ಅಳಿಸಿದೆ. ಬವೇರಿಯದವರಿಗೆ ಬಾಯೆರ್ನ್ ಅಟ್ಲಾಸ್‌ನಲ್ಲಿ 1808ರಿಂದ 1864ರ ಮೋಜಣಿಯನ್ನು ಈಗಿನ ನಕ್ಷೆಯ ಮೇಲೆ ಹಾಸಿ ನೋಡುವ ಅನುಕೂಲವಿದೆ. ಪುಕ್ಕಟೆ, ನೋಂದಣಿಯೂ ಬೇಡ.

ವ್ಯೂರ್ಟೆಂಬೆರ್ಗ್ ಹಳ್ಳಿಗೆ ಇನ್ನೊಂದು ಒಳ್ಳೆಯ ಆಕರ ಒಬರ್‌ಆಮ್ಟ್ ವಿವರಣೆಗಳು: 1824ರಿಂದ 1886ರ ವರೆಗೆ ತಾಲೂಕಿಗೊಂದರಂತೆ ಬಂದ 64 ಸಂಪುಟ. ಜರ್ಮನ್ ವಿಕಿಸೋರ್ಸ್‌ನಲ್ಲಿ ಸಿಗುತ್ತವೆ, ಕೈಬರಹ ಓದುವ ಕಷ್ಟವಿಲ್ಲ. ನೀರು ಹೇಗಿದೆ, ಯಾವ ಹಣ್ಣು ಬೆಳೆಯುತ್ತದೆ, ಜನ ಶ್ರಮಜೀವಿಗಳೋ ಅಲ್ಲವೋ ಎಲ್ಲ ಬರೆದಿದ್ದಾರೆ. ಬರೆದವರು ಸರ್ಕಾರಿ ಕಡೆಯವರು ಎನ್ನುವುದನ್ನು ನೆನಪಿಟ್ಟುಕೊಂಡು ಕೊನೆಯ ಮಾತನ್ನು ಓದಿ.

ಇಷ್ಟಾದ ಮೇಲೆ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಟ್ಟ ಚರ್ಚ್ ಪುಸ್ತಕ. ಕ್ಯಾಥೊಲಿಕ್ ಹಳ್ಳಿಯಾದರೆ ಮಾತ್ರಿಕುಲಾ ತಾಣ, ಪ್ರಾಟೆಸ್ಟೆಂಟ್ ಆದರೆ ಆರ್ಖಿಯೋನ್ ತಾಣ. ಮಾತ್ರಿಕುಲಾ ಪೂರ್ತಿ ಪುಕ್ಕಟೆ. ಪಾಸ್ಸೌ, ಔಗ್ಸ್‌ಬುರ್ಗ್, ಮ್ಯೂನ್‌ಸ್ಟರ್, ಪಾಡರ್‌ಬೋರ್ನ್, ಟ್ರಿಯರ್, ಹಿಲ್ಡೆಸ್‌ಹೈಮ್ ಧರ್ಮಪ್ರಾಂತ್ಯಗಳ ಪುಸ್ತಕಗಳು ಅಲ್ಲಿವೆ. ದೇಶ, ಧರ್ಮಪ್ರಾಂತ್ಯ, ಪ್ಯಾರಿಷ್, ಪುಸ್ತಕ ಎಂದು ಒಂದೊಂದೇ ಮೆಟ್ಟಿಲು ಇಳಿದರೆ ಪುಟದ ಚಿತ್ರ ತೆರೆಯುತ್ತದೆ. ಬಾಡೆನ್ ಕಡೆಯವರು ಇದನ್ನು ಬಿಟ್ಟು ರಾಜ್ಯ ದಾಖಲೆಗಾರದ ತಾಣಕ್ಕೆ ಹೋಗಬೇಕು: 1810ರಿಂದ 1870ರ ವರೆಗೆ ಅಲ್ಲಿ ಪಾದ್ರಿಯೇ ಸರ್ಕಾರದ ನೋಂದಣಿ ಅಧಿಕಾರಿಯೂ ಆಗಿದ್ದು, ಪುಸ್ತಕದ ಎರಡನೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡಬೇಕಿತ್ತು. ಆ ಪ್ರತಿಗಳು ಪುಕ್ಕಟೆಯಾಗಿ ನೋಡಲು ಸಿಗುತ್ತವೆ, ಎಲ್ಲ ಧರ್ಮದವರದ್ದೂ.

ಆರ್ಖಿಯೋನ್ 2015ರ ಮಾರ್ಚ್‌ನಲ್ಲಿ ತೆರೆದದ್ದು. ಪ್ರಾಟೆಸ್ಟೆಂಟ್ ಪ್ರಾದೇಶಿಕ ಚರ್ಚುಗಳು ಸೇರಿ ನಡೆಸುತ್ತವೆ. ಚಿತ್ರಗಳ ಗುಣಮಟ್ಟದ ಬಗ್ಗೆ ದೂರಿಲ್ಲ. ಆದರೆ ಜಾಹೀರಾತು ನೋಡಿ ಬರುವವರಿಗೆ ಹೇಳಬೇಕಾದ ಮಾತು: ಇಲ್ಲಿ ವ್ಯಕ್ತಿಯ ಹೆಸರು ಹಾಕಿ ಹುಡುಕುವ ಸೂಚಿ ಇರುತ್ತದೆಂದು ನಂಬಿ ಬರಬೇಡಿ. ಪುಟ ತಿರುವುತ್ತ ಕೂರಬೇಕು. ಪಾಸು ಕಾಲಾವಧಿಯ ಲೆಕ್ಕದ್ದು. ಕೂತು ಓದಿದರೂ ಓದದಿದ್ದರೂ ಅವಧಿ ಓಡುತ್ತದೆ. ಅದೃಷ್ಟಕ್ಕೆ ಯಾವ ಪ್ಯಾರಿಷ್‌ನ ಯಾವ ವರ್ಷದ ಪುಸ್ತಕ ಸ್ಕ್ಯಾನ್ ಆಗಿದೆ ಎಂಬ ಪಟ್ಟಿಯನ್ನು ಪಾಸಿಲ್ಲದೆಯೇ ನೋಡಬಹುದು. ನಿಮ್ಮ ಪ್ಯಾರಿಷ್ ಪತ್ತೆ ಮಾಡಿ, ಬೇಕಾದ ಪುಸ್ತಕಗಳ ಹೆಸರು ಬರೆದಿಟ್ಟುಕೊಂಡು, ಒಂದು ತಿಂಗಳು ಪುರುಸೊತ್ತಿರುವಾಗ ತಿಂಗಳ ಪಾಸು ಮಾತ್ರ ಕೊಳ್ಳಿ. ವರ್ಷದ ಪಾಸು ವೃತ್ತಿಯಾಗಿ ಮಾಡುವವರಿಗೆ.

ಹಳ್ಳಿಗೆ ಸ್ವಂತ ಪಾದ್ರಿ ಇಲ್ಲದಿದ್ದರೆ ಅದರ ನಮೂದುಗಳು ತಾಯಿ ಚರ್ಚಿನ ಪುಸ್ತಕದೊಳಗೆ ಬೆರೆತಿರುತ್ತವೆ, ಕೆಲವೊಮ್ಮೆ ಪುಸ್ತಕದ ಹಿಂಭಾಗದಲ್ಲಿ ಬೇರೆ ಭಾಗವಾಗಿ. ಮಧ್ಯದಲ್ಲಿ ಪ್ಯಾರಿಷ್ ಬದಲಾಗಿದ್ದರೆ ಅಲ್ಲಿಂದ ಮುಂದಿನ ಪುಸ್ತಕ ಬೇರೆ. ವ್ಯೂರ್ಟೆಂಬೆರ್ಗ್‌ನಲ್ಲಿ 1808ರಿಂದ ಕುಟುಂಬ ರಿಜಿಸ್ಟರ್ ಇದೆ: ಗಂಡ, ಹೆಂಡತಿ, ಅವರ ತಂದೆತಾಯಿ, ಮಕ್ಕಳೆಲ್ಲ ಒಂದೇ ಕಡೆ, ಅಮೆರಿಕಕ್ಕೆ ಹೋದವರಿದ್ದರೆ ಅದರ ಟಿಪ್ಪಣಿಯೂ ಸಿಗಬಹುದು. ಅಲ್ಲಿಂದ ಶುರು ಮಾಡಿದರೆ ಪಾಸಿನ ಅರ್ಧ ಅವಧಿ ಉಳಿಯುತ್ತದೆ. ದೀಕ್ಷಾಸ್ನಾನದ ನಮೂದಿನಲ್ಲಿ ಮಗುವಿಗಿಂತ ಸಾಕ್ಷಿಗಳಾಗಿ ನಿಂತವರ ಹೆಸರು ಹೆಚ್ಚು ಮಾತಾಡುತ್ತದೆ. ಗಿರಣಿಯವನ ಮಗುವಿಗೆ ಯಾರು ನಿಂತರು, ಕೂಲಿಯವನ ಮಗುವಿಗೆ ಯಾರು ನಿಂತರು ಎಂದು ಹತ್ತು ವರ್ಷದ್ದು ಪಟ್ಟಿ ಮಾಡಿದರೆ ಊರಿನ ಮೇಲುಕೀಳು ತಾನಾಗಿ ಬಿಡಿಸಿಕೊಳ್ಳುತ್ತದೆ.

ಓದುವುದೇ ದೊಡ್ಡ ಸಮಸ್ಯೆ. ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿ ಇ (e) ಮತ್ತು ಎನ್ (n) ಒಂದೇ ಥರ ಕಾಣುತ್ತವೆ. ಯು ಅಕ್ಷರದ ಮೇಲೆ ಕಮಾನಿನ ಗೀಟು ಇರುತ್ತದೆ, ಅದನ್ನೇ ಆಧಾರ ಮಾಡಿಕೊಳ್ಳಿ. 7ರ ಮುಂದೆ ಬಿಆರ್ ಎಂದಿದ್ದರೆ ಸೆಪ್ಟೆಂಬರ್, ಜುಲೈ ಅಲ್ಲ. 8 ಅಕ್ಟೋಬರ್, 9 ನವೆಂಬರ್, ಎಕ್ಸ್ ಡಿಸೆಂಬರ್. ಪ್ರಾಟೆಸ್ಟೆಂಟ್ ಪ್ರದೇಶಗಳಲ್ಲಿ 1700ರ ಫೆಬ್ರವರಿ 18ರ ಮರುದಿನ ಮಾರ್ಚ್ 1. ನಡುವಿನ ಪುಟ ಹರಿದುಹೋಗಿಲ್ಲ, ಪಂಚಾಂಗ ಬದಲಾಯಿತು ಅಷ್ಟೆ. ರೈನ್ ಎಡದಂಡೆಯ ಫ್ರೆಂಚ್ ದಾಖಲೆಗಳಲ್ಲಿ 1805ರ ಕೊನೆಯ ತನಕ ಕ್ರಾಂತಿಯ ಪಂಚಾಂಗದ ತಿಂಗಳುಗಳಿವೆ. ಯಂತ್ರದಿಂದ ಓದಿಸಲು ಟ್ರಾನ್ಸ್‌ಕ್ರೀಬುಸ್ ಇದೆ. ಸ್ವಲ್ಪ ಪುಟಗಳವರೆಗೆ ಪುಕ್ಕಟೆ. ಸಾಲುಸಾಲಾಗಿ ಬರೆದ ಪಂಚಾಯಿತಿ ನಡಾವಳಿಗೆ ಚೆನ್ನಾಗಿದೆ. ಚೌಕ ಹಾಕಿದ ಕೋಷ್ಟಕ ಕಂಡರೆ ಎಡವುತ್ತದೆ, ಮನೆತನದ ಹೆಸರಿನಲ್ಲಂತೂ ಅದನ್ನು ನಂಬಲೇಬೇಡಿ.

ಹುಟ್ಟು, ಮದುವೆ, ಸಾವು ಕೂಡಿಸಿದರೆ ವಂಶಾವಳಿಯಾಗುತ್ತದೆ, ಊರಾಗುವುದಿಲ್ಲ. ಹಾಡುಗಾರರ ಸಂಘ, ಅಂಗಸಾಧನೆ ಸಂಘ, ಬಂದೂಕು ಗುರಿಕಾರರ ಸಂಘ, ಸ್ವಯಂಸೇವಕ ಅಗ್ನಿಶಾಮಕ ದಳ, 1870-71ರ ಫ್ರಾನ್ಸ್ ಜೊತೆಗಿನ ಯುದ್ಧದ ನಂತರ ಮಾಜಿ ಸೈನಿಕರ ಸಂಘ: ಹಳ್ಳಿಯ ಸಂಜೆಗಳು ಕಳೆದದ್ದು ಇವುಗಳಲ್ಲಿ. ಈ ಸಂಘಗಳ ಹಳೆಯ ಸುದ್ದಿಗೆ 2021ರಲ್ಲಿ ಶುರುವಾದ ಡಾಯ್ಚೆಸ್ ಟ್ಸೈಟುಂಗ್ಸ್‌ಪೋರ್ಟಾಲ್ ಎಂಬ ಪತ್ರಿಕಾ ತಾಣ. ಜಿಲ್ಲಾ ಪತ್ರಿಕೆಗಳ ಪೂರ್ಣ ಪಠ್ಯ ಹುಡುಕಬಹುದು, ಹಣವಿಲ್ಲ. ಯಂತ್ರ ಫ್ರಾಕ್ಟೂರ್‌ನ ಉದ್ದ ಎಸ್ ಅನ್ನು ಎಫ್ ಎಂದು ಓದುವುದು ಇದರ ದೊಡ್ಡ ದೋಷ. ಗೆಸಾಂಗ್‌ಫೆರೈನ್ (ಹಾಡುಗಾರರ ಸಂಘ) ಎಂದು ಹುಡುಕಿ ಸಿಗದಿದ್ದರೆ ಎಸ್ ಜಾಗಕ್ಕೆ ಎಫ್ ಹಾಕಿ ಇನ್ನೊಮ್ಮೆ ಹುಡುಕಿ. ಅಡಗಿದ್ದ ಸುದ್ದಿಗಳು ಹೊರಬರುತ್ತವೆ.

ಈಗಿನ ಸಂಘಗಳಿಗೆ ಸರ್ಕಾರದ ರಿಜಿಸ್ಟರ್ ಪೋರ್ಟಲ್ ಇದೆ. ಇದನ್ನು ಹಳ್ಳಿ ಚರಿತ್ರೆಗೆ ಬಳಸುವವರು ಕಡಿಮೆ, ಸುಮ್ಮನೆ ಕಳೆದುಕೊಳ್ಳುತ್ತಿದ್ದಾರೆ. 2022ರ ಆಗಸ್ಟ್ 1ರಿಂದ ಶುಲ್ಕ ತೆಗೆದಿದ್ದಾರೆ. ರಿಜಿಸ್ಟರ್ ಬಗೆಯಲ್ಲಿ ವಿಆರ್ ಆರಿಸಿದರೆ ಸಂಘಗಳು. ಸಹಕಾರಿಗಳ ರಿಜಿಸ್ಟರ್ ಬೇರೆಯಿದೆ, ಹಳೆಯ ಸಾಲದ ಸಂಘ, ಹಾಲಿನ ಸಂಘ, ಈಚೆಗೆ ಊರವರೇ ಷೇರು ಹಾಕಿ ತೆರೆದ ದಿನಸಿ ಅಂಗಡಿಯೂ ಅದರಲ್ಲಿ ಸಿಗಬಹುದು. ಫಲಿತಾಂಶದಲ್ಲಿ ಎಡಿ ಒತ್ತಿದರೆ ಈಗಿನ ಸ್ಥಿತಿ, ಸಿಡಿ ಒತ್ತಿದರೆ ಕಾಲಾನುಕ್ರಮದ ಬದಲಾವಣೆ. ಊರು ವಿಲೀನವಾಗಿದ್ದರೆ ಸಂಘದ ನೆಲೆ ಎಂದು ದೊಡ್ಡ ಊರಿನ ಹೆಸರಿರುತ್ತದೆ, ಆದ್ದರಿಂದ ಹಳ್ಳಿಯ ಹೆಸರನ್ನು ನೆಲೆಯ ಖಾನೆಯಲ್ಲಿ ಹಾಕದೆ ಸಂಘದ ಹೆಸರಿನ ಖಾನೆಯಲ್ಲಿ ಹಾಕಿ. ಗಂಟೆಗೆ 60ಕ್ಕಿಂತ ಹೆಚ್ಚು ಸಲ ದಾಖಲೆ ತೆರೆಯುವಂತಿಲ್ಲ. ನೋಂದಣಿಗೆ ಕನಿಷ್ಠ ಏಳು ಸದಸ್ಯರು ಬೇಕು. ನೋಂದಣಿ ಮಾಡಿಸದ ಸಂಘ ಇಲ್ಲಿ ಕಾಣುವುದಿಲ್ಲ. ಅಗ್ನಿಶಾಮಕ ದಳವೂ ಕಾಣದು, ಅದು ಸ್ಥಳೀಯ ಆಡಳಿತದ ಅಂಗ. ಕಾಣುವುದು ಅದರ ಬೆಂಬಲಿಗರ ಸಂಘ.

ಕಾಂಪ್‌ಗೆನ್ ತಾಣದಲ್ಲಿ ಊರಿನ ಕುಟುಂಬಗಳನ್ನೆಲ್ಲ ಜೋಡಿಸಿಟ್ಟ ಊರ ಕುಟುಂಬ ಪುಸ್ತಕಗಳಿವೆ; ಅವುಗಳ ಗುಣ ಮಾಡಿದವರ ಮೇಲೆ ಹೋಗುತ್ತದೆ. ಸುಳಿವಿಗೆ ಬಳಸಿ, ಪುರಾವೆಗೆ ಮೂಲ ಪುಟಕ್ಕೇ ಹೋಗಿ.

1933ರಿಂದ 1945ರ ವರ್ಷಗಳನ್ನು ಸ್ಮರಣ ಸಂಚಿಕೆಗಳು ಬೇಗ ದಾಟಿಬಿಡುತ್ತವೆ: ಯುದ್ಧದಲ್ಲಿ ಸತ್ತವರ ಪಟ್ಟಿ, ನಿರಾಶ್ರಿತರು ಬಂದದ್ದು, ಮುಂದಿನ ಅಧ್ಯಾಯ. ಹೆಸ್ಸೆನ್‌ನಲ್ಲಿ ದಾಖಲೆಗಾರಗಳ ಕಡತಗಳನ್ನು ಹುಡುಕುವ ಆರ್ಕಿನ್ಸಿಸ್ ತಾಣ ಈ ಕೊರತೆ ತುಂಬುತ್ತದೆ. ಅಮೆರಿಕನ್ ವಲಯದಲ್ಲಿ 1946ರ ಮಾರ್ಚ್ 5ರ ಕಾನೂನಿನಂತೆ 18 ದಾಟಿದ ಪ್ರತಿಯೊಬ್ಬರೂ ತಾವು ಯಾವ ನಾಜಿ ಸಂಘಟನೆಯಲ್ಲಿದ್ದೆವೆಂದು ನಮೂನೆ ತುಂಬಬೇಕಿತ್ತು. ವಿಚಾರಣಾ ಮಂಡಳಿಗಳ ಆ ಕಡತಗಳು ವೀಸ್‌ಬಾಡೆನ್‌ನ ದಾಖಲೆಗಾರದಲ್ಲಿ 520ನೆಯ ವಿಭಾಗದಲ್ಲಿವೆ. ಹುಡುಕಲು ನೋಂದಣಿ ಬೇಡ, ಕಡತ ತರಿಸಲು ಬೇಕು. ವ್ಯಕ್ತಿ ಸತ್ತು ಹತ್ತು ವರ್ಷವಾಗಿರಬೇಕು. ಊರಿನ ಮೇಷ್ಟರು, ಮೇಯರು, ಸಂಘದ ಅಧ್ಯಕ್ಷರ ಕಡತಗಳಲ್ಲಿ ಅಕ್ಕಪಕ್ಕದವರ ಸಾಕ್ಷ್ಯಗಳೂ ಇರುತ್ತವೆ. ಪರಸ್ಪರ ಬಿಡಿಸಿಕೊಳ್ಳಲು ಹೇಳಿದ ಮಾತು ಎಷ್ಟು, ನಿಜ ಎಷ್ಟು ಎಂದು ತೂಗಿ ಓದಬೇಕು.

ಈ ಯಾವ ತಾಣವೂ ಮುಟ್ಟದ ಒಂದು ಆಸ್ತಿ ವ್ಯೂರ್ಟೆಂಬೆರ್ಗ್ ಹಳ್ಳಿಗಳಿಗಿದೆ. ಮದುವೆಯಾದಾಗ, ಸತ್ತಾಗ ಮನೆಯ ವಸ್ತುಗಳನ್ನೆಲ್ಲ ಬರೆದಿಡುವ ಪದ್ಧತಿ ಅಲ್ಲಿ 16ನೆಯ ಶತಮಾನದಿಂದ 1899ರ ತನಕ ಇತ್ತು: ಹೊಲ, ಹಸು, ಹಾಸಿಗೆ, ಚಮಚ, ಸಾಲ. ಇವು ಹೆಚ್ಚಾಗಿ ಊರಿನ ದಾಖಲೆ ಕೋಣೆಯಲ್ಲೇ ಉಳಿದಿವೆ, ಸ್ಕ್ಯಾನ್ ಆಗಿರುವುದು ಅಪರೂಪ. ಸಣ್ಣ ಊರುಗಳ ಕಡತಗಳನ್ನು ಅಲ್ಲಿ ಹೆಚ್ಚಾಗಿ ಜಿಲ್ಲಾ ದಾಖಲೆಗಾರ, ಕ್ರೈಸ್‌ಆರ್ಖೀವ್, ನೋಡಿಕೊಳ್ಳುತ್ತದೆ. ಅವರಿಗೆ ಬರೆಯುವಾಗ ವಿಲೀನಕ್ಕೆ ಮುಂಚಿನ ಹಳ್ಳಿಯ ಹೆಸರು, ಈಗಿನ ಊರಿನ ಹೆಸರು, ಬೇಕಾದ ವರ್ಷಗಳು, ಒಂದೇ ಒಂದು ಮನೆತನದ ಹೆಸರು ಕೊಡಿ. ಹುಡುಕುವ ಸಮಯಕ್ಕೆ ಶುಲ್ಕ ಹಾಕುವುದುಂಟು. ಎಷ್ಟಾದೀತೆಂದು ಮೊದಲೇ ತಿಳಿಸಲು ಅದೇ ಪತ್ರದಲ್ಲಿ ಕೇಳಿಕೊಳ್ಳಿ.